ಅಕ್ವೇರಿಯಮ್ಮಿಗೆ ಹೆಸರಿಟ್ಟ ಫಿಲಿಪ್ ಗಾಸ್

ಇಂಗ್ಲಿಷ್ ಗದ್ಯಸಾಹಿತ್ಯದ ಪರಿಚಯವುಳ್ಳವರಿಗೆ ಫಿಲಿಪ್ ಹೆನ್ರಿ ಗಾಸ್ ಎಂಬ ಹೆಸರು ಗೊತ್ತಿರುವುದು ಸಾಮಾನ್ಯವಾಗಿ ಒಂದೇ ಒಂದು ಪುಸ್ತಕದ ಮೂಲಕ. ಅದೂ ಆತನು ಬರೆದ ಪುಸ್ತಕವಲ್ಲ, ಆತನ ಮಗ ಬರೆದದ್ದು. ವಿಮರ್ಶಕನೆಂದು ಹೆಸರಾದ ಎಡ್ಮಂಡ್ ಗಾಸ್ 1907ರಲ್ಲಿ, ಮೊದಲು ತನ್ನ ಹೆಸರನ್ನು ಹಾಕದೆಯೇ, ‘ಫಾದರ್ ಅಂಡ್ ಸನ್’ ಎಂಬ ಆತ್ಮವೃತ್ತಾಂತವನ್ನು ಪ್ರಕಟಿಸಿದನು. ಅದರಲ್ಲಿ ಕಾಣುವ ತಂದೆ ಬೈಬಲ್ಲಿನ ಅಕ್ಷರಕ್ಷರವನ್ನೂ ನಂಬುವ, ಮಗನ ಆತ್ಮೋದ್ಧಾರಕ್ಕಾಗಿ ಮಗನ ಬಾಲ್ಯವನ್ನೇ ಒತ್ತೆಯಿಟ್ಟ ಕಠೋರ ಪುರುಷ. ನಾನೂ ವಿದ್ಯಾರ್ಥಿದೆಸೆಯಲ್ಲಿ ಆತನನ್ನು ಮೊದಲು ಸಂಧಿಸಿದ್ದು ಆ ಪುಟಗಳಲ್ಲಿಯೇ. ಆದರೆ ಅದೇ ಮನುಷ್ಯನಿಗೆ ಇನ್ನೊಂದು ಬಾಳೂ ಇದ್ದಿತು. ಇಂದು ನಡುಮನೆಯ ಮೂಲೆಯಲ್ಲಿ ಗಾಜಿನ ತೊಟ್ಟಿಯನ್ನಿಟ್ಟು ನಾಲ್ಕು ಮೀನುಗಳನ್ನು ಬಿಟ್ಟಿರುವ ಯಾರೇ ಆಗಲಿ, ‘ಅಕ್ವೇರಿಯಂ’ ಎಂಬ ಮಾತಿಗಾಗಿ ಆತನಿಗೆ ಋಣಿ. ಹೆಸರಿಗಿಂತ ದೊಡ್ಡದಾದ ಋಣವೊಂದುಂಟು. ಈ ಪಾತ್ರೆಯಲ್ಲಿ ಎಷ್ಟು ಜೀವ ಬಾಳಬಲ್ಲದು ಎಂಬ ಪ್ರಶ್ನೆಯನ್ನು, ಮೀನನ್ನು ಬಿಡುವ ಮೊದಲೇ ಕೇಳಿಕೊಳ್ಳಬೇಕೆಂದು ಸಾಮಾನ್ಯ ಜನರಿಗೆ ಕಲಿಸಿದವರಲ್ಲಿ ಆತನು ಮುಖ್ಯನು. ಆ ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡು ಆತನ ಜೀವನವನ್ನು ಒಮ್ಮೆ ಸುತ್ತಿಬರೋಣವೆಂಬುದು ನನ್ನ ಆಶಯ.

ಗಾಸ್ ಹುಟ್ಟಿದ್ದು 1810ರ ಏಪ್ರಿಲ್ 6ರಂದು, ಇಂಗ್ಲೆಂಡಿನ ವೂಸ್ಟರ್ ಪಟ್ಟಣದಲ್ಲಿ. ತಂದೆ ತಾಮಸ್ ಗಾಸ್ ಊರೂರು ತಿರುಗಿ ಕಿರುಚಿತ್ರಗಳನ್ನು ಬರೆದು ಹೊಟ್ಟೆ ಹೊರೆಯುತ್ತಿದ್ದ ಬಡ ಕಲಾವಿದ. ಮಗನಿಗೆ ಕೈಹಿಡಿದದ್ದು ಆ ಕುಂಚವೇ. ಮುಂದೆ ತನ್ನ ಪುಸ್ತಕಗಳ ಚಿತ್ರಗಳನ್ನು ತಾನೇ ಬರೆಯುವಷ್ಟು ಪರಿಣತಿಯನ್ನು ಆತನು ಪಡೆದನು. ಬಾಲ್ಯ ಕಳೆದದ್ದು ಡಾರ್ಸೆಟ್ ಕರಾವಳಿಯ ಪೂಲ್ ಎಂಬ ಬಂದರಿನಲ್ಲಿ. ಅಲ್ಲಿ ಸೂಸನ್ ಬೆಲ್ ಎಂಬ ಸೋದರತ್ತೆಯಿದ್ದಳು. ಕಡಲ ತಡಿಯ ಬಂಡೆಗಳಿಗೆ ಅಂಟಿಕೊಂಡು ಹೂವಿನಂತೆ ಅರಳುವ ಅನಿಮೋನ್ ಎಂಬ ಪ್ರಾಣಿಗಳನ್ನು ತೋರಿಸಿ, ಅವುಗಳನ್ನು ಕಡಲನೀರಿನ ಪಾತ್ರೆಯಲ್ಲಿಟ್ಟು ನೋಡೆಂದು ಹುಡುಗನಿಗೆ ಹೇಳಿಕೊಟ್ಟವಳು ಆಕೆ. ಮನೆಮನೆಗೆ ಹಬ್ಬಿದ ಒಂದು ಹವ್ಯಾಸದ ಬೀಜವನ್ನು ಅತ್ತೆಯೊಬ್ಬಳ ಮಾತಿನಲ್ಲಿ ಕಾಣುವುದು ನನಗೆ ಬಹಳ ಪ್ರಿಯವಾದ ಸಂಗತಿ.

ಬಡತನದ ದೆಸೆಯಿಂದ ಓದು ಬೇಗ ನಿಂತಿತು. ಹದಿನೇಳನೆಯ ವಯಸ್ಸಿನಲ್ಲಿ, 1827ರಲ್ಲಿ, ಆತನು ಅಟ್ಲಾಂಟಿಕ್ ಸಾಗರವನ್ನು ದಾಟಿ ನ್ಯೂಫೌಂಡ್‌ಲೆಂಡಿನ ಕಾರ್ಬೊನಿಯರ್ ಎಂಬಲ್ಲಿ ಮೀನಿನ ವ್ಯಾಪಾರದ ಕಂಪನಿಯೊಂದರ ಗುಮಾಸ್ತೆಯಾದನು. ಕಾಡ್ ಮೀನು, ಸೀಲ್ ಪ್ರಾಣಿಯ ಎಣ್ಣೆ—ಇವುಗಳ ಲೆಕ್ಕವನ್ನು ಬರೆಯುವುದು ಅಲ್ಲಿಯ ಕೆಲಸ. ಬದುಕಿರುವ ಮೀನಿನ ಲೆಕ್ಕವನ್ನು ಲೋಕಕ್ಕೆ ಕಲಿಸಬೇಕಾಗಿದ್ದವನು ಸತ್ತ ಮೀನಿನ ಖಾತೆಯಿಂದ ಬಾಳನ್ನು ಪ್ರಾರಂಭಿಸಿದನು. ಎಂಟು ವರ್ಷ ಆ ಚಳಿಯ ನಾಡಿನಲ್ಲಿದ್ದು, ಬಿಡುವಿನಲ್ಲಿ ಕೀಟಗಳನ್ನು ಹಿಡಿದು ಚಿತ್ರಿಸಿದನು. 1832ರಲ್ಲಿ ಸೂಕ್ಷ್ಮದರ್ಶಕವನ್ನು ಕುರಿತ ಹಳೆಯ ಪುಸ್ತಕವೊಂದನ್ನು ಹರಾಜಿನಲ್ಲಿ ಕೊಂಡದ್ದು ಆತನ ಜೀವನದ ತಿರುವಾಯಿತು. ಅದೇ ವರ್ಷ ಧಾರ್ಮಿಕ ಶ್ರದ್ಧೆಯೂ ಗಾಢವಾಯಿತು. ಇವೆರಡೂ ಕೊನೆಯವರೆಗೆ ಆತನನ್ನು ಬಿಡಲಿಲ್ಲ. ಅಲ್ಲಿಂದ ಮುಂದೆ 1835ರಲ್ಲಿ ಕೆನಡಾದಲ್ಲಿ ಬೇಸಾಯ, ಅದರಲ್ಲಿ ಸೋಲು. 1838ರಲ್ಲಿ ಅಮೆರಿಕದ ಅಲಬಾಮದಲ್ಲಿ ಹತ್ತಿಯ ತೋಟಗಳ ಒಡೆಯರ ಮಕ್ಕಳಿಗೆ ಮೇಷ್ಟರ ಕೆಲಸ. ಅಲ್ಲಿ ಗುಲಾಮಗಿರಿಯನ್ನು ಕಣ್ಣಾರೆ ಕಂಡು ಹೇಸಿ, 1839ರಲ್ಲಿ ಬರಿಗೈಯಲ್ಲಿ ಇಂಗ್ಲೆಂಡಿಗೆ ಮರಳಿದನು. ಮರಳಿದ ಮರುವರ್ಷ ಕೆನಡಾದ ನಿಸರ್ಗವನ್ನು ಕುರಿತ ಪುಸ್ತಕ ಅಚ್ಚಾಯಿತು; ಲೇಖನಿಯಿಂದ ಬದುಕಬಹುದೆಂಬ ಧೈರ್ಯ ಬಂದಿತು. 1844ರಿಂದ 1846ರವರೆಗೆ ಜಮೈಕದಲ್ಲಿದ್ದು ಹಕ್ಕಿಗಳನ್ನು ಅಭ್ಯಾಸ ಮಾಡಿದನು. ಆ ಅಭ್ಯಾಸದಿಂದ ಹುಟ್ಟಿದ ಪುಸ್ತಕದಲ್ಲಿ ರಿಚರ್ಡ್ ಹಿಲ್ ಎಂಬ ಜಮೈಕದ ವಿದ್ವಾಂಸನ ಸಹಾಯವನ್ನೂ, ಸ್ಯಾಮ್ಯುಯೆಲ್ ಕ್ಯಾಂಬೆಲ್ ಎಂಬ ಕಪ್ಪು ತರುಣನ ಸಹಾಯವನ್ನೂ ಮುಚ್ಚಿಡದೆ ಸ್ಮರಿಸಿದನು. ಆ ಕಾಲದ ಬಿಳಿಯ ಪಂಡಿತರಲ್ಲಿ ಇದು ಸಾಮಾನ್ಯವಾದ ಗುಣವಲ್ಲ.

1848ರಲ್ಲಿ ಎಮಿಲಿ ಬೋಸ್ ಎಂಬಾಕೆಯನ್ನು ಮದುವೆಯಾದನು. ಆಕೆಯೂ ಬರಹಗಾರ್ತಿ, ಆತನಷ್ಟೇ ಶ್ರದ್ಧಾವಂತೆ. 1849ರ ಸೆಪ್ಟೆಂಬರ್ 21ರಂದು ಎಡ್ಮಂಡ್ ಹುಟ್ಟಿದನು. ಆ ದಿನದ ದಿನಚರಿಯಲ್ಲಿ ಗಾಸ್ ಮಗ ಹುಟ್ಟಿದ್ದನ್ನೂ ಜಮೈಕದಿಂದ ಒಂದು ಹಸಿರು ಬಾನಾಡಿ ಬಂದು ತಲುಪಿದ್ದನ್ನೂ ಒಟ್ಟಿಗೆ ಗುರುತುಹಾಕಿಕೊಂಡದ್ದು ಆಮೇಲೆ ಪ್ರಸಿದ್ಧವಾದ ವಿನೋದವಾಯಿತು. ಇದನ್ನು ತಂದೆಯ ನಿರ್ದಯತೆಗೆ ಸಾಕ್ಷಿಯೆಂದು ಹೇಳುವವರುಂಟು. ನನಗೆ ಹಾಗೆನಿಸುವುದಿಲ್ಲ. ಎರಡು ಜೀವಗಳೂ ಮನೆಗೆ ಬಂದವು. ಎರಡನ್ನೂ ಬರೆದಿಟ್ಟನು, ಅಷ್ಟೆ.

ಇನ್ನು ನಮ್ಮ ಪ್ರಶ್ನೆಗೆ ಬರಬಹುದು. ಗಾಜಿನ ಬುಂಡೆಯಲ್ಲಿ ಚಿನ್ನದ ಮೀನನ್ನಿಡುವ ಪದ್ಧತಿ ಗಾಸನಿಗಿಂತ ಎಷ್ಟೋ ಹಳೆಯದು. ಆದರೆ ಆ ಮೀನು ಬದುಕಬೇಕಾದರೆ ನೀರನ್ನು ಪದೇ ಪದೇ ಬದಲಾಯಿಸಬೇಕಾಗಿದ್ದಿತು. ಬದಲಾಯಿಸಿದರೂ ಬಹುಕಾಲ ಉಳಿಯುತ್ತಿರಲಿಲ್ಲ. ನೀರು ಇದ್ದೂ ಮೀನು ಸಾಯುವುದೇಕೆ? ಮೀನಿಗೆ ನೀರು ನೆಲೆ ಮಾತ್ರ. ಅದರ ಉಸಿರು ನೀರಿನಲ್ಲಿ ಕರಗಿರುವ ಆಮ್ಲಜನಕ. ನಾವು ಉಸಿರಾಡುವ ಒಂದು ಲೀಟರ್ ಗಾಳಿಯಲ್ಲಿ ಹೆಚ್ಚುಕಡಿಮೆ 280 ಮಿಲಿಗ್ರಾಮ್ ಆಮ್ಲಜನಕವಿದ್ದರೆ, 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರ್ ಸಿಹಿನೀರು ಹಿಡಿದಿಡಬಲ್ಲದ್ದು 9 ಮಿಲಿಗ್ರಾಮಿನಷ್ಟು. ಸುಮಾರು ಮೂವತ್ತರಲ್ಲಿ ಒಂದು ಪಾಲು! ನೀರು 30 ಡಿಗ್ರಿಗೆ ಕಾದರೆ ಅದೂ ಏಳೂವರೆಗೆ ಇಳಿಯುತ್ತದೆ. ಬಿಸಿಯೇರಿದಂತೆ ಮೀನಿಗೆ ಬೇಕಾಗುವ ಉಸಿರು ಮಾತ್ರ ಏರುತ್ತದೆ. ರಾಯಚೂರಿನ ವೈಶಾಖದಲ್ಲಿ ತೊಟ್ಟಿಯಿಡುವವರು ಮಾಘಮಾಸದ ಲೆಕ್ಕವನ್ನು ನೆಚ್ಚಬಾರದೆಂಬುದಕ್ಕೆ ಇದೇ ಕಾರಣ.

ಈ ಉಸಿರಿನ ಗುಟ್ಟು ಒಮ್ಮೆಲೇ ಬಯಲಾಗಲಿಲ್ಲ. ಪ್ರಾಣಿಗಳು ಕೆಡಿಸಿದ ಗಾಳಿಯನ್ನು ಸಸ್ಯಗಳು ತಿಳಿಯಾಗಿಸುತ್ತವೆಂಬುದನ್ನು 1770ರ ದಶಕದಲ್ಲಿ ಪ್ರೀಸ್ಟ್ಲಿಯೂ, ಅದಕ್ಕೆ ಬೆಳಕು ಬೇಕೆಂಬುದನ್ನು 1779ರಲ್ಲಿ ಇಂಗನ್‌ಹೌಸನೂ ತೋರಿಸಿದ್ದರು. ಲಂಡನ್ನಿನಲ್ಲಿ ಆನ್ನಾ ಥಿನ್ ಎಂಬ ಗೃಹಿಣಿ 1846ರಲ್ಲಿ ಡೆವನ್ ತೀರದಿಂದ ಹವಳದ ಜೀವಿಗಳನ್ನು ತಂದು ಮನೆಯಲ್ಲಿ ಸಾಕಿದಳು. ಆಕೆ ಮಾಡಿದ ಉಪಾಯವೇನು? ತೆರೆದ ಕಿಟಕಿಯ ಬಳಿ ಕಡಲನೀರನ್ನು ಪಾತ್ರೆಯಿಂದ ಪಾತ್ರೆಗೆ ಬಗ್ಗಿಸುತ್ತ ಗಾಳಿಯನ್ನು ಬೆರೆಸುವುದು. ದಿನದಿನವೂ ಆ ದಣಿವಿನ ಕೆಲಸ ಬಿದ್ದದ್ದು ಮನೆಯ ಕೆಲಸದವಳ ಕೈಗೆ. ಇಂದು ತೊಟ್ಟಿಗಳಲ್ಲಿ ಗುಳುಗುಳು ಎನ್ನುವ ಗಾಳಿಯಂತ್ರವನ್ನು ನೋಡಿದಾಗಲೆಲ್ಲ ಹೆಸರು ಉಳಿಯದ ಆ ಹೆಂಗಸು ನನ್ನ ನೆನಪಿಗೆ ಬರುತ್ತಾಳೆ. ಮರುವರ್ಷ ಥಿನ್ ನೀರಿಗೆ ಕಡಲ ಪಾಚಿಯನ್ನೂ ಸೇರಿಸಿದಳು.

ಅಳತೆಯ ದೃಷ್ಟಿಯಿಂದ ಎಲ್ಲಕ್ಕಿಂತ ಮುಖ್ಯವಾದದ್ದು ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಜ್ಞನ ಪ್ರಯೋಗ. ಲಂಡನ್ನಿನ ಅಪಾತಿಕರೀಸ್ ಹಾಲಿನಲ್ಲಿ ಕೆಲಸಕ್ಕಿದ್ದ ಆತನು 1849ರಲ್ಲಿ ಹನ್ನೆರಡು ಗ್ಯಾಲನ್ ಹಿಡಿಯುವ ಪಾತ್ರೆಯಲ್ಲಿ ಎರಡು ಪುಟ್ಟ ಚಿನ್ನದ ಮೀನುಗಳನ್ನೂ ವ್ಯಾಲಿಸ್ನೇರಿಯ ಎಂಬ ನೀರುಗಿಡವನ್ನೂ ಇಟ್ಟನು. ಗಿಡ ಬೆಳೆಯಿತು, ಮೀನು ಬದುಕಿತು. ಆದರೆ ಸ್ವಲ್ಪ ಕಾಲದಲ್ಲಿಯೇ ಉದುರಿದ ಎಲೆ ಕೊಳೆತು ನೀರು ಮಲಿನವಾಯಿತು. ಆಗ ಆತನು ಕೊಳದ ಬಸವನಹುಳುಗಳನ್ನು ಬಿಟ್ಟನು. ಅವು ಕೊಳೆತ ಎಲೆಯನ್ನು ತಿಂದವು. ಅವುಗಳ ಮೊಟ್ಟೆ ಮೀನಿಗೆ ಆಹಾರವಾಯಿತು. 1850ರಲ್ಲಿ ಇದನ್ನು ಕೆಮಿಕಲ್ ಸೊಸೈಟಿಯ ಮುಂದೆ ಓದಿದನು. ನಾನು ಓದುಗರ ಗಮನವನ್ನು ಸೆಳೆಯಬೇಕೆಂದಿರುವುದು ಆ ಸಂಖ್ಯೆಗಳ ಕಡೆಗೆ. ಇಂಗ್ಲಿಷರ ಹನ್ನೆರಡು ಗ್ಯಾಲನ್ ಎಂದರೆ ಸುಮಾರು 55 ಲೀಟರ್. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ, ನಮ್ಮ ಅಂಗಡಿಗಳಲ್ಲಿ ಸಾಮಾನ್ಯವಾಗಿ ದೊರೆಯುವ ತೊಟ್ಟಿಯಷ್ಟೇ. ಅದರಲ್ಲಿ ಆ ಎಚ್ಚರದ ಮನುಷ್ಯ ಬಿಟ್ಟದ್ದು ಎರಡು ಮೀನು. ಅಷ್ಟೇ ದೊಡ್ಡ ತೊಟ್ಟಿಯಲ್ಲಿ ಇಪ್ಪತ್ತು ಮೀನು ಒದ್ದಾಡುವುದನ್ನು ನಾನು ಹೋಟೆಲುಗಳ ಮುಂಗಟ್ಟೆಯಲ್ಲಿ ಕಂಡಿದ್ದೇನೆ.

ಗಾಸ್ ಇದೇ ಹಾದಿಯಲ್ಲಿ ಬೇರೆಯಾಗಿಯೇ ನಡೆಯುತ್ತಿದ್ದನು. ವಾರಿಂಗ್ಟನ್ ಮೊದಲಿಗನೆಂಬುದನ್ನು ಮುಂದೆ ಒಪ್ಪಿಕೊಂಡನು ಕೂಡ. ಅತಿಯಾದ ಬರವಣಿಗೆಯಿಂದ ಆರೋಗ್ಯ ಕೆಟ್ಟು, 1852ರ ಆರಂಭದಲ್ಲಿ ಹೆಂಡತಿ ಮಗುವಿನೊಡನೆ ಡೆವನ್ ಕರಾವಳಿಗೆ ಹೋದನು. ಮೊದಲು ಸೇಂಟ್ ಮೇರಿಚರ್ಚ್, ಆಮೇಲೆ ಇಲ್ಫ್ರಕೂಂಬ್. ಇಳಿತದ ವೇಳೆಯಲ್ಲಿ ಬಂಡೆಗಳ ನಡುವೆ ಉಳಿಯುವ ನೀರಿನ ಗುಂಡಿಗಳಲ್ಲಿ ಸೊಂಟದವರೆಗೆ ಇಳಿದು, ಉಳಿಯಿಂದ ಕಲ್ಲನ್ನೊಡೆದು, ಪಾಚಿ ಬೇರು ಬಿಟ್ಟ ಚೂರುಗಳನ್ನು ಜೋಪಾನವಾಗಿ ತಂದನು. ಮಿಠಾಯಿ ಅಂಗಡಿಯಲ್ಲಿ ತಿಂಡಿಯನ್ನು ತೋರಿಸಲು ಇಡುವಂಥ ಗಾಜಿನ ಭರಣಿಯೇ ಆತನ ಪ್ರಯೋಗಶಾಲೆ. ಕೆಲವೇ ಪೈಂಟುಗಳಷ್ಟು ಕಡಲನೀರು, ಕೆಂಪು ಹಸಿರು ಪಾಚಿ, ಅವುಗಳ ನಡುವೆ ಕೆಲವು ಕಿರುಜೀವಿಗಳು. ನೀರನ್ನು ಬದಲಾಯಿಸದೆಯೇ ಅವು ಹಲವು ವಾರ ಬದುಕಿದವು. ಕಡಲಿನ ಒಂದು ಚೂರನ್ನು ಕಡಲಿನಿಂದ ಬೇರ್ಪಡಿಸಿ ಜೀವಂತವಾಗಿ ಇಡಬಹುದೆಂದು ಆತನಿಗೆ ಖಚಿತವಾಯಿತು.

ಮುಂದಿನ ವರ್ಷವೇ, 1853ರ ಮೇ ತಿಂಗಳಲ್ಲಿ, ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಮೃಗಾಲಯದಲ್ಲಿ ‘ಫಿಶ್ ಹೌಸ್’ ತೆರೆಯಿತು. ಜಗತ್ತಿನ ಮೊದಲ ಸಾರ್ವಜನಿಕ ಮತ್ಸ್ಯಾಲಯ ಅದೇ. ಅದಕ್ಕೆ ಬೇಕಾದ ಕಡಲಜೀವಿಗಳನ್ನು ಹಿಡಿದು ಕಳುಹಿಸಿದವರಲ್ಲಿ ಗಾಸನೂ ಒಬ್ಬ. 1854ರಲ್ಲಿ ‘ದಿ ಅಕ್ವೇರಿಯಂ’ ಎಂಬ ಆತನ ಪುಸ್ತಕ ಹೊರಬಂದಿತು. ಅದುವರೆಗೆ ‘ವೈವೇರಿಯಂ’ ಮೊದಲಾದ ಹೆಸರುಗಳು ಬಳಕೆಯಲ್ಲಿದ್ದುವು. ಅಕ್ವೇರಿಯಂ ಎಂಬುದು ಲ್ಯಾಟಿನ್ನಿನಲ್ಲಿ ದನಕರು ನೀರು ಕುಡಿಯುವ ತಾಣಕ್ಕೆ ಸಲ್ಲುತ್ತಿದ್ದ ಮಾತು. ನಮ್ಮ ಹಳ್ಳಿಗಳ ದನದ ತೊಟ್ಟಿಗೂ ಈ ಬಣ್ಣದ ಮೀನಿನ ತೊಟ್ಟಿಗೂ ಹೀಗೊಂದು ನಂಟು! ಸಣ್ಣ, ಸುಲಭವಾಗಿ ಉಚ್ಚರಿಸಬಹುದಾದ ಆ ಪದವನ್ನು ಆತನು ಆರಿಸಿದನು, ಅದೇ ನಿಂತಿತು. ಕಡಲು ದೂರವಿರುವವರಿಗಾಗಿ ಅಡುಗೆಯುಪ್ಪು ಮುಂತಾದ ನಾಲ್ಕು ಲವಣಗಳಿಂದ ಕೃತಕವಾದ ಕಡಲನೀರನ್ನು ಮಾಡುವ ಕ್ರಮವನ್ನೂ ಪ್ರಕಟಿಸಿದನು.

ತೊಟ್ಟಿಯ ವಿಷಯದಲ್ಲಿ ಆತನು ಹೇಳಿಕೊಟ್ಟ ಕ್ರಮದಲ್ಲಿ ನನಗೆ ಮೆಚ್ಚಿಗೆಯಾಗುವುದು ಅದರ ತಾಳ್ಮೆ. ಮೊದಲು ಗಿಡ, ಗಿಡ ನೆಲೆಗೊಂಡ ಮೇಲೆ ಪ್ರಾಣಿ, ಅದೂ ಕಿಕ್ಕಿರಿಯದಂತೆ. ಒಂದು ಜೀವ ಸತ್ತರೆ ಕೂಡಲೆ ಹೊರಗೆ ತೆಗೆಯಬೇಕು, ಇಲ್ಲವಾದರೆ ಆ ಒಂದು ಸಾವು ಉಳಿದವುಗಳನ್ನೆಲ್ಲ ಕೊಂಡೊಯ್ಯುತ್ತದೆ. ಎಷ್ಟು ಪ್ರಾಣಿ ಎಂಬುದಕ್ಕೆ ಆತನಲ್ಲಿ ಸೂತ್ರವಿರಲಿಲ್ಲ. ಪಾತ್ರೆಯ ಮುಂದೆ ಕುಳಿತು ನೋಡುವ ಕಣ್ಣಿದ್ದಿತು. ಸೂತ್ರಗಳು ಆಮೇಲೆ ಬಂದುವು. ಗ್ಯಾಲನ್ನಿಗೆ ಒಂದು ಅಂಗುಲ ಮೀನು ಎಂಬುದು ಅವುಗಳಲ್ಲಿ ಹೆಚ್ಚು ಪ್ರಚಾರವಾದದ್ದು. ಇದು ಬಾಯಿಪಾಠಕ್ಕೆ ಸುಲಭ, ಆದರೆ ಮೋಸಗಾರ ಸೂತ್ರ. ನಮ್ಮ ಎರಡಡಿಯ ತೊಟ್ಟಿಗೆ ಇದರ ಪ್ರಕಾರ ಹನ್ನೆರಡು ಅಂಗುಲ. ಅಂಗುಲುದ್ದದ ಹನ್ನೆರಡು ಮೀನುಗಳನ್ನು ಬಿಡಬಹುದು, ಸರಿ. ಹಾಗಾದರೆ ಹನ್ನೆರಡು ಅಂಗುಲದ ಒಂದು ಮೀನನ್ನು ಬಿಡಬಹುದೇ? ಒಂದಡಿ ಅಗಲದ ತೊಟ್ಟಿಯಲ್ಲಿ ಆ ಪ್ರಾಣಿ ತಿರುಗಿಕೊಳ್ಳುವುದೂ ಕಷ್ಟ. ಮೀನು ಉದ್ದದಲ್ಲಿ ಮಾತ್ರ ಬೆಳೆಯುವುದಿಲ್ಲ. ಅಗಲದಲ್ಲಿ, ದಪ್ಪದಲ್ಲಿ ಕೂಡ ಬೆಳೆಯುತ್ತದೆ. ಆಕಾರ ಒಂದೇ ಆಗಿದ್ದರೆ, ಉದ್ದ ಎರಡರಷ್ಟಾದಾಗ ತೂಕ ಎಂಟರಷ್ಟಾಗುತ್ತದೆ. ಹನ್ನೆರಡು ಅಂಗುಲದ ಮೀನಿನ ಮೈ ಒಂದಂಗುಲದ ಮೀನಿನ 1,728 ಪಟ್ಟು. ಅಂಗಡಿಯಲ್ಲಿ ಎರಡು ಅಂಗುಲವಿದ್ದ ಚಿನ್ನದ ಮೀನು ಆರು ಅಂಗುಲಕ್ಕೆ ಬೆಳೆದರೆ, ತೊಟ್ಟಿ ಅಷ್ಟೇ ಇರುತ್ತದೆ, ಮೀನು ಮಾತ್ರ ಇಪ್ಪತ್ತೇಳು ಮೀನುಗಳಾಗಿರುತ್ತದೆ. ಆದುದರಿಂದ ಲೆಕ್ಕ ಹಾಕುವವರು ಕೊಳ್ಳುವ ದಿನದ ಉದ್ದವನ್ನಲ್ಲ, ಬೆಳೆದಾಗಿನ ಉದ್ದವನ್ನು, ಅದೂ ಬಾಲವನ್ನು ಬಿಟ್ಟು, ಹಿಡಿಯಬೇಕು.

ಇದಕ್ಕಿಂತ ಮೇಲಾದದ್ದು ನೀರಿನ ಮೇಲ್ಮೈಯನ್ನು ಅಳೆಯುವ ಕ್ರಮ. ಗಾಳಿಯಂತ್ರವಿಲ್ಲದ ತೊಟ್ಟಿಗೆ ಆಮ್ಲಜನಕ ಇಳಿಯುವುದೂ ಇಂಗಾಲದ ಡೈಆಕ್ಸೈಡ್ ಹೊರಬೀಳುವುದೂ ಮೇಲ್ಮೈಯ ಮೂಲಕವೇ. ಎತ್ತರವಾದ ಇಕ್ಕಟ್ಟು ಪಾತ್ರೆಗೂ ತಗ್ಗಾದ ಅಗಲ ಪಾತ್ರೆಗೂ ಒಂದೇ ಪ್ರಮಾಣದ ನೀರು ಹಿಡಿಯಬಹುದು. ಬಾಳುವ ಮೀನಿನ ಸಂಖ್ಯೆ ಒಂದೇ ಅಲ್ಲ. ಉಷ್ಣವಲಯದ ಸಣ್ಣ ಮೀನಿಗೆ ಅಂಗುಲವೊಂದಕ್ಕೆ ಹನ್ನೆರಡು ಚದರ ಅಂಗುಲ ಮೇಲ್ಮೈ, ಚಿನ್ನದ ಮೀನಿಗೆ ಮೂವತ್ತು ಚದರ ಅಂಗುಲ ಎಂದು ಅನುಭವಿಗಳ ಎಣಿಕೆ. ಎರಡಡಿಯ ತೊಟ್ಟಿಯ ಮೇಲ್ಮೈ 288 ಚದರ ಅಂಗುಲ. ಎಂದರೆ ಸಣ್ಣ ಮೀನುಗಳಾದರೆ ಒಟ್ಟು ಇಪ್ಪತ್ತನಾಲ್ಕು ಅಂಗುಲ, ಚಿನ್ನದ ಮೀನಾದರೆ ಒಂಬತ್ತೂವರೆ, ಮೂರು ಮರಿಗಳಿಗೆ ಸಾಕು. ವಾರಿಂಗ್ಟನ್ನನ ಎರಡು ಮೀನು ಈ ಲೆಕ್ಕಕ್ಕೂ ಒಳಗೇ ನಿಲ್ಲುತ್ತವೆ. ದುಂಡನೆಯ ಬುಂಡೆಯನ್ನು ಕಂಠಮಟ್ಟ ತುಂಬುವವರು ನೀರನ್ನು ಹೆಚ್ಚಿಸಿ ಉಸಿರಿನ ಬಾಗಿಲನ್ನು ಕಿರಿದಾಗಿಸುತ್ತಾರೆ. ನಡುವಿನವರೆಗೆ ತುಂಬಿದರೆ ಮೇಲ್ಮೈ ಅಗಲವಾಗುತ್ತದೆ. ಗಿಡಗಳಿದ್ದರೆ ಚಿಂತೆಯಿಲ್ಲವೆಂಬ ನಂಬಿಕೆಗೂ ಮಿತಿಯುಂಟು. ಹಗಲಿನಲ್ಲಿ ಆಮ್ಲಜನಕವನ್ನು ಕೊಡುವ ಗಿಡವೇ ಇರುಳಿನಲ್ಲಿ ಮೀನಿನೊಡನೆ ಪಾಲಿಗೆ ನಿಲ್ಲುತ್ತದೆ. ನನ್ನ ಮಗಳಿಗೆ ಬಳುವಳಿಯಾಗಿ ಬಂದ ತೊಟ್ಟಿಯೊಂದು ನಮ್ಮ ಮನೆಯಲ್ಲಿದೆ. ಅದನ್ನು ನಾನು ಪರೀಕ್ಷಿಸುವುದು ಬೆಳಗಿನ ಜಾವ, ದೀಪ ಹಾಕುವ ಮೊದಲು. ಆ ಹೊತ್ತಿನಲ್ಲಿ ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ತೊಟ್ಟಿ ತುಂಬಿತೆಂದೇ ಅರ್ಥ.

ಗಾಸನಿಗೂ ವಾರಿಂಗ್ಟನ್ನನಿಗೂ ತಿಳಿಯದಿದ್ದ ಒಂದು ದೊಡ್ಡ ಸಂಗತಿಯಿದ್ದಿತು. ಮೀನಿನ ವಿಸರ್ಜನೆಯಲ್ಲಿ ಅಮೋನಿಯ ಇರುತ್ತದೆ; ಉಸಿರು ಸಾಕಷ್ಟಿದ್ದರೂ ಅಮೋನಿಯ ಕೂಡಿಕೊಂಡರೆ ಮೀನು ಸಾಯುತ್ತದೆ. ಮರಳು ಕಲ್ಲುಗಳ ಮೇಲೆ ನೆಲೆಸುವ ಸೂಕ್ಷ್ಮಜೀವಿಗಳು ಅದನ್ನು ಮೊದಲು ನೈಟ್ರೈಟಾಗಿ, ಅದೂ ವಿಷವೇ, ಅನಂತರ ಅಷ್ಟೊಂದು ಅಪಾಯವಿಲ್ಲದ ನೈಟ್ರೇಟಾಗಿ ಬದಲಾಯಿಸುತ್ತವೆ. ಹೊಸ ತೊಟ್ಟಿಯಲ್ಲಿ ಈ ಕಾಣದ ಕೆಲಸಗಾರರು ನೆಲೆಗೊಳ್ಳಲು ವಾರಗಳು ಬೇಕು. ಮೊದಲ ವಾರದಲ್ಲಿಯೇ ಲೆಕ್ಕದಷ್ಟೂ ಮೀನನ್ನು ಬಿಟ್ಟರೆ ಲೆಕ್ಕ ಸರಿಯಿದ್ದರೂ ಮೀನು ಉಳಿಯುವುದಿಲ್ಲ. ಈ ಕ್ರಿಯೆ ಜೀವಿಗಳಿಂದಲೇ ನಡೆಯುತ್ತದೆಂದು 1877ರಲ್ಲಿ ಪ್ಯಾರಿಸ್ಸಿನಲ್ಲಿ ಶ್ಲೋಸಿಂಗ್ ಮತ್ತು ಮುಂಟ್ಸ್ ತೋರಿಸಿದರು. ಅದು ಎರಡು ಹಂತದಲ್ಲಿ, ಎರಡು ಬಗೆಯ ಜೀವಿಗಳಿಂದ ಆಗುತ್ತದೆಂಬುದನ್ನು ಇಂಗ್ಲೆಂಡಿನ ರಾತಮ್‌ಸ್ಟೆಡ್ ಕೃಷಿಕೇಂದ್ರದಲ್ಲಿ ಹೊಲದ ಮಣ್ಣನ್ನು ಪರೀಕ್ಷಿಸುತ್ತ ಕಂಡುಕೊಂಡವನು ಯಾರೆಂದಿರಿ? ರಾಬರ್ಟ್ ವಾರಿಂಗ್ಟನ್ ಎಂಬ ಅದೇ ಹೆಸರಿನವನು. ಮೀನಿನ ಪಾತ್ರೆಯ ವಾರಿಂಗ್ಟನ್ನನ ಮಗ. ತಂದೆ ಬಿಟ್ಟ ಲೆಕ್ಕದ ಶೇಷವನ್ನು ಮಗ ಬೇರೊಂದು ಗದ್ದೆಯಲ್ಲಿ ಕಂಡನು. ಆದರೆ ತಂದೆ ಅದಕ್ಕೆ ಮುಂಚೆಯೇ, 1867ರಲ್ಲಿ, ತೀರಿಕೊಂಡಿದ್ದನು.

ಈ ತಂದೆಮಕ್ಕಳ ಕತೆ ಗಾಸನ ಮನೆಯ ಕತೆಯಷ್ಟು ದಾರುಣವಲ್ಲ. ‘ದಿ ಅಕ್ವೇರಿಯಂ’ ಬಹಳ ಜನಪ್ರಿಯವಾಯಿತು. 1845ರಲ್ಲಿ ಗಾಜಿನ ಮೇಲಣ ಸುಂಕ ರದ್ದಾಗಿದ್ದಿತು; ರೈಲು ಜನರನ್ನು ಕಡಲತಡಿಗೆ ತಂದು ಸುರಿಯುತ್ತಿದ್ದಿತು. ಎಲ್ಲರ ಮನೆಯಲ್ಲಿಯೂ ತೊಟ್ಟಿ ಬಂದಿತು. 1855ರಲ್ಲಿ ಗಾಸ್ ಇಲ್ಫ್ರಕೂಂಬಿನಲ್ಲಿ ಸ್ತ್ರೀಪುರುಷರ ತಂಡವನ್ನು ಕಟ್ಟಿಕೊಂಡು ಬಂಡೆಗಳ ನಡುವೆ ಪಾಠ ಹೇಳಿದನು. 1856ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ದೊರೆಯಿತು. ಕಾಲೇಜಿನ ಮೆಟ್ಟಲು ಹತ್ತದ ಗುಮಾಸ್ತೆಗೆ ಇದು ಸಣ್ಣ ಗೌರವವಲ್ಲ. ಆದರೆ ಪಾತ್ರೆಯನ್ನು ಕಿಕ್ಕಿರಿಸಬೇಡಿ ಎಂಬ ಮಾತನ್ನು ಓದುಗರು ಕೇಳಲಿಲ್ಲ. ತುಂಬಿದರು, ಸತ್ತುವು, ಮತ್ತೆ ತಂದು ತುಂಬಿದರು. ತೊಟ್ಟಿಯಲ್ಲಿ ಸತ್ತ ಒಂದೊಂದಕ್ಕೂ ತೀರದ ಗುಂಡಿಯಿಂದ ಇನ್ನೊಂದು ಬರಬೇಕಾಗಿದ್ದಿತು. ಆತನೇ ನಕ್ಷೆ ಬರೆದಂತೆ ವರ್ಣಿಸಿದ್ದ ಕೊಳಗಳಿಗೆ ಜನ ಬುಟ್ಟಿ ಉಳಿಗಳೊಡನೆ ಲಗ್ಗೆಯಿಟ್ಟು ಬರಿದುಮಾಡಿದರು. ತಂದೆಯೊಡನೆ ಆ ಕೊಳಗಳ ಅಂಚಿನಲ್ಲಿ ಮೊಣಕಾಲೂರಿ ನೋಡಿದ್ದ ಎಡ್ಮಂಡ್, ಅರ್ಧ ಶತಮಾನದ ಮೇಲೆ, ಆ ಸೌಂದರ್ಯ ನಾಶವಾಯಿತೆಂದೂ, ತನ್ನ ಪುಸ್ತಕಗಳೇ ಅದಕ್ಕೆ ದಾರಿಯಾದುವೆಂಬ ಕೊರಗು ತಂದೆಯನ್ನು ಬಾಧಿಸಿತೆಂದೂ ಬರೆದಿದ್ದಾನೆ. ಒಂದು ಭರಣಿ ಎಷ್ಟು ಜೀವವನ್ನು ಹೊರಬಲ್ಲದೆಂದು ಬಲ್ಲವನು, ಒಂದು ಕರಾವಳಿ ಎಷ್ಟು ಭರಣಿಗಳನ್ನು ಹೊರಬಲ್ಲದೆಂದು ಎಣಿಸಿರಲಿಲ್ಲ. ಎಣಿಸುವುದು ಆತನೊಬ್ಬನಿಂದ ಆಗುತ್ತಿತ್ತೇ ಎಂಬುದು ಬೇರೆ ಮಾತು.

1856ರಲ್ಲಿ ಎಮಿಲಿಗೆ ಸ್ತನದ ಅರ್ಬುದರೋಗವೆಂದು ತಿಳಿಯಿತು. ಶಸ್ತ್ರಚಿಕಿತ್ಸೆಯ ಬದಲು, ಅಮೆರಿಕದ ವೈದ್ಯನೊಬ್ಬನ ಲೇಪಚಿಕಿತ್ಸೆಯನ್ನು ಆರಿಸಿಕೊಂಡರು. ತಿಂಗಳುಗಟ್ಟಲೆ ಸುಡುವಂಥ ಯಾತನೆ. 1857ರ ಫೆಬ್ರವರಿಯಲ್ಲಿ ಆಕೆ ಕಣ್ಮುಚ್ಚಿದಳು. ಎಡ್ಮಂಡನಿಗೆ ಏಳು ವರ್ಷ. ಅದೇ ವರ್ಷ ಗಾಸ್ ‘ಆಂಫಲೋಸ್’ ಎಂಬ ಪುಸ್ತಕವನ್ನು ಪ್ರಕಟಿಸಿದನು. ಗ್ರೀಕಿನಲ್ಲಿ ಹೊಕ್ಕುಳು ಎಂದು ಆ ಹೆಸರಿನ ಅರ್ಥ. ಭೂಮಿಗೆ ಕೋಟ್ಯಂತರ ವರ್ಷಗಳ ವಯಸ್ಸೆಂದು ಶಿಲೆಗಳು ಹೇಳುತ್ತವೆ, ಸೃಷ್ಟಿ ಆರು ದಿನದಲ್ಲಾಯಿತೆಂದು ಧರ್ಮಗ್ರಂಥ ಹೇಳುತ್ತದೆ; ಎರಡನ್ನೂ ಉಳಿಸಿಕೊಳ್ಳುವ ಬಗೆ ಹೇಗೆ? ಜೀವವೆಂಬುದು ಒಂದು ಚಕ್ರ. ಅದನ್ನು ಎಲ್ಲಿ ಪ್ರಾರಂಭಿಸಿದರೂ ಹಿಂದೆ ಒಂದು ಕಾಲ ಕಳೆದಂತೆಯೇ ತೋರುತ್ತದೆ. ಅಂದೇ ಹುಟ್ಟಿದ ಮರಕ್ಕೂ ಉಂಗುರಗಳಿರುತ್ತವೆ, ತಾಯಿಯಿಲ್ಲದ ಆದಿಮಾನವನಿಗೂ ಹೊಕ್ಕುಳಿರುತ್ತದೆ. ಹಾಗೆಯೇ ಭೂಮಿ ಕಳೆಯದ ಕಾಲದ ಗುರುತುಗಳೊಡನೆ ಸೃಷ್ಟಿಯಾಯಿತೆಂದು ಆತನ ವಾದ. ವಿಜ್ಞಾನಿಗಳು ನಕ್ಕರು, ಆಸ್ತಿಕರು, ದೇವರು ಬಂಡೆಗಳ ಮೇಲೆ ಸುಳ್ಳನ್ನು ಕೆತ್ತಿದನೆಂದು ಒಪ್ಪಲಾರದೆ ಹಿಂಜರಿದರು. ಕಡಲತಡಿಯ ಗೆಳೆಯ ಚಾರ್ಲ್ಸ್ ಕಿಂಗ್ಸ್ಲಿ ಕೂಡ ಕೈಬಿಟ್ಟನು. ವಾದ ನಿಲ್ಲುವಂಥದಲ್ಲ, ನಿಜ. ಆದರೂ ಅದನ್ನು ಓದುವಾಗ ತೊಟ್ಟಿಯ ಮುಂದೆ ಕುಳಿತ ಮನುಷ್ಯ ನನಗೆ ಕಾಣುತ್ತಾನೆ. ಹಿಂದಿಲ್ಲದ ನೀರಿನಲ್ಲಿ ಮೀನು ಬಾಳದು, ತೊಟ್ಟಿ ಮೊದಲ ದಿನವೇ ಹಳೆಯದಾಗಿರಬೇಕು ಎಂಬುದನ್ನು ಮೀನು ಸಾಕಿದವರೆಲ್ಲ ಬಲ್ಲರು. ಆ ಅನುಭವವನ್ನೇ ಭೂಮಂಡಲದ ಮೇಲೆ ಹೊರಿಸಿದನೋ ಏನೋ. ಇದು ನನ್ನ ಊಹೆ ಮಾತ್ರ.

ಅದೇ ವರ್ಷ ಮಗನೊಡನೆ ಡೆವನ್ನಿನ ಸೇಂಟ್ ಮೇರಿಚರ್ಚಿಗೆ ಬಂದು ನೆಲೆಸಿದನು. ಮುಂದಿನ ಮೂರು ವರ್ಷ ಬ್ರಿಟನ್ನಿನ ಅನಿಮೋನ್‌ಗಳನ್ನೂ ಹವಳಗಳನ್ನೂ ಕುರಿತ ಮಹಾಗ್ರಂಥಕ್ಕೆ ದುಡಿದನು; ಅದರ ವರ್ಣಚಿತ್ರಗಳು ಇಂದಿಗೂ ಕಣ್ಣು ಸೆಳೆಯುತ್ತವೆ. 1860ರಲ್ಲಿ ಎಲೈಜಾ ಬ್ರೈಟ್ವೆನ್ ಎಂಬಾಕೆಯನ್ನು ವರಿಸಿದನು. ಮಗನ ಪುಸ್ತಕದಲ್ಲಿರುವ ಕಠೋರತೆಗೆ ಒಂದಿಷ್ಟು ಬಣ್ಣ ಕೂಡಿದೆಯೆಂದೂ, ಗಾಸ್ ಸಲುಗೆ ವಾತ್ಸಲ್ಯಗಳುಳ್ಳ ತಂದೆಯೇ ಆಗಿದ್ದನೆಂದೂ ಆನ್ ಥ್ವೇಟ್ 2002ರಲ್ಲಿ ಪ್ರಕಟಿಸಿದ ಜೀವನಚರಿತ್ರೆಯಲ್ಲಿ ತೋರಿಸಿದ್ದಾಳೆ. ಅದೇ ಎಡ್ಮಂಡ್ 1890ರಲ್ಲಿ ಬರೆದ ತಂದೆಯ ಚರಿತ್ರೆಯೂ ಎಷ್ಟೋ ಮೃದುವಾದುದು. ವಿದ್ಯಾರ್ಥಿಗಳು ಎರಡನ್ನೂ ಒಟ್ಟಿಗೆ ಓದಬೇಕೆಂದು ನನ್ನ ಅಪೇಕ್ಷೆ.

ತೊಟ್ಟಿಯ ಹುಚ್ಚು 1860ರ ದಶಕದಲ್ಲಿ ಇಳಿಯಿತು. ಹತ್ತರಲ್ಲಿ ಒಂಬತ್ತು ಮನೆಗಳಲ್ಲಿ ತೊಟ್ಟಿ ಮೂಲೆಗೆ ಬಿದ್ದಿತೆಂದು 1868ರಲ್ಲಿ ಜೆ. ಜಿ. ವುಡ್ ಎಂಬ ನಿಸರ್ಗಲೇಖಕ ದಾಖಲಿಸಿದನು. ಆದರೆ ಗಾಸನ ಅಭ್ಯಾಸ ನಿಲ್ಲಲಿಲ್ಲ. ಹಸಿರುಮನೆಯಲ್ಲಿ ಆರ್ಕಿಡ್ ಬೆಳೆಸಿದನು, ನಕ್ಷತ್ರಗಳನ್ನು ನೋಡಿದನು. ಎಳೆವೆಯಲ್ಲಿ ಹರಾಜಿನ ಪುಸ್ತಕ ಕಲಿಸಿದ್ದ ಸೂಕ್ಷ್ಮದರ್ಶಕಕ್ಕೆ ಮುಪ್ಪಿನಲ್ಲಿ ಮರಳಿ, ನೀರಿನ ಹನಿಯೊಂದರಲ್ಲಿ ಈಜಾಡುವ ರೋಟಿಫರ್ ಎಂಬ ಅಣುಗಾತ್ರದ ಜೀವಿಗಳನ್ನು ಚಿತ್ರಿಸಿದನು, ಸಿ. ಟಿ. ಹಡ್ಸನ್ ಅವುಗಳನ್ನು ಕುರಿತು ಆತನ ನೆರವಿನಿಂದ ಬರೆದ ಗ್ರಂಥ 1886ರಲ್ಲಿ ಪ್ರಕಟವಾಯಿತು. ಚಳಿಗಾಲದ ಒಂದು ರಾತ್ರಿ ತೆರೆದ ಕಿಟಕಿಯಲ್ಲಿ ದೂರದರ್ಶಕವನ್ನು ಸರಿಪಡಿಸುತ್ತ ನಿಂತದ್ದೇ ಕೊನೆಯ ಕಾಯಿಲೆಗೆ ಮೊದಲಾಯಿತೆಂದು ಎಲೈಜಾ ನೆನೆದಿದ್ದಾಳೆ. 1888ರ ಆಗಸ್ಟ್ 23ರಂದು, ತನ್ನ ಎಪ್ಪತ್ತೆಂಟನೆಯ ವಯಸ್ಸಿನಲ್ಲಿ, ಸೇಂಟ್ ಮೇರಿಚರ್ಚಿನ ಮನೆಯಲ್ಲಿಯೇ ಗಾಸ್ ತೀರಿಕೊಂಡನು.